ಕುಂಬಾರವಾಡದ ರಕ್ತ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ದಾಂಡೇಲಿಯ ಕಾಸಿಂಸಾಬನನ್ನು ಮೀರಿಸುವವರಿಲ್ಲ. ಮಗಳು ಯಾಸ್ಮೀನಳಿಗೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ಬಯೋಮೆಡಿಕಲ್ ಸೈನ್ಸ್ ಪದವಿಗೆ ಸೀಟು ಸಿಗುತ್ತದೆಂದು ಫೋನು ಬಂದ ಸಂಜೆಯೇ ಅವನು ತನ್ನ ಗ್ಯಾರೇಜಿನಲ್ಲಿದ್ದ ಗಿರಾಕಿಗಳಿಗೆಲ್ಲ ಚಹಾ ತರಿಸಿ, ‘ನನ್ನ ಮಗಳು ಡಾಕ್ಟರ್ ಆಗ್ತಾಳ್ರಿ’ ಎಂದುಬಿಟ್ಟ. ಮಾರನೆಯ ದಿನ ಓಣಿಯ ಹೆಂಗಸರು ಅವಳನ್ನು ಡಾಕ್ಟರ್‌ಬಾಯಿ ಎಂದು ಕರೆಯತೊಡಗಿದರು. ಇಬ್ಬರು ಮುದುಕಿಯರಂತೂ ನಡುಬೀದಿಯಲ್ಲೇ ಅವಳನ್ನು ನಿಲ್ಲಿಸಿ ಮೊಣಕಾಲು ತೋರಿಸಿದರು.

ಅದು ಡಾಕ್ಟರಿಕೆ ಅಲ್ಲ ಎಂಬುದು ಇಡೀ ಓಣಿಯಲ್ಲಿ ಯಾಸ್ಮೀನಳೊಬ್ಬಳಿಗೇ ಗೊತ್ತಿತ್ತು. ನೀಟ್ ಪರೀಕ್ಷೆಯನ್ನು ಅವಳು ಎರಡು ಸಲ ಬರೆದಿದ್ದಳು. ಎರಡು ಸಲವೂ ಬಂದ ಅಂಕ ಮೆಡಿಕಲ್ ಸೀಟಿನ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಬೆಳಗಾವಿಯ ಕಾಲೇಜಿನ ಮೇಡಂ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: “ಇದು ರೋಗಿಯ ಕೈ ಹಿಡಿಯೋ ಕೆಲಸ ಅಲ್ಲಮ್ಮ. ರೋಗ ಯಾಕೆ ಬಂತು, ಬಂದದ್ದು ನಿಜವೇ, ಎಷ್ಟು ಬಂದಿದೆ ಅಂತ ಹಿಂದೆ ಕೂತು ಹುಡುಕೋ ಕೆಲಸ. ಎಲ್ಲರಿಗೂ ಒಗ್ಗೋದಿಲ್ಲ. ಊರಲ್ಲಿ ಯಾವುದಾದರೂ ಲ್ಯಾಬಿನಲ್ಲಿ ಒಂದು ತಿಂಗಳು ಕೂತು ನೋಡು. ಜೂನ್ ಮೂವತ್ತರ ಒಳಗೆ ಬರ್ತೀನಿ, ಬರೋದಿಲ್ಲ ಅಂತ ಒಂದು ಮಾತು ಹೇಳು.”

ಹಾಗೆ ಅವಳು ಬಸ್ ನಿಲ್ದಾಣದ ಹತ್ತಿರದ ಸಿದ್ದಲಿಂಗನ ಲ್ಯಾಬಿಗೆ ಬಂದು ಕೂತಳು. ಸಿದ್ದಲಿಂಗ ಧಾರವಾಡದ ಕಡೆಯವನು. ಅಣ್ಣ ಪೇಪರ್ ಮಿಲ್ಲಿನಲ್ಲಿದ್ದನೆಂದು ಬಂದು ಇಲ್ಲೇ ನೆಲೆಯೂರಿ ಹದಿನೈದು ವರ್ಷವಾಗಿತ್ತು. ಎರಡು ಕೋಣೆ, ರಕ್ತ ತಿರುಗಿಸುವ ಒಂದು ಯಂತ್ರ, ಅಳೆಯುವ ಇನ್ನೊಂದು ಯಂತ್ರ, ಒಂದು ದಪ್ಪ ರಿಜಿಸ್ಟರು. ಮಾತು ಕಡಿಮೆ, ಕೆಲಸ ಹೆಚ್ಚು. ಕೊಳವೆಗಳ ಮೇಲೆ ಊರು, ನಂಬರು ಬರೆಯುವುದು, ತಿರುಗಿಸಿದ ಮೇಲೆ ಮೇಲೆದ್ದ ತಿಳಿನೀರನ್ನು ಬೇರೆ ಮಾಡುವುದು, ಯಂತ್ರ ಹೇಳಿದ ಅಂಕಿಯನ್ನು ರಿಜಿಸ್ಟರಿಗೆ ಇಳಿಸುವುದು ಯಾಸ್ಮೀನಳ ಪಾಲಿಗೆ ಬಂದವು.

ಮೂರು ವಾರದಲ್ಲಿ ಅವಳಿಗೆ ಬೇಸರ ಬಂತು. ಬೇಸರ ಎಂದರೆ ಸಣ್ಣ ಮಾತಾಯಿತು, ಎದೆಯೇ ಬತ್ತಿದಂತಾಯಿತು. ಅವಳು ಜೀವಶಾಸ್ತ್ರ ಹಿಡಿದದ್ದು ಮನುಷ್ಯರಿಗಾಗಿ. ಯಾರಾದರೂ ಬಂದು ‘ಇಲ್ಲಿ ನೋವು’ ಎನ್ನಬೇಕು, ತಾನು ಅಲ್ಲಿ ಕೈಯಿಟ್ಟು ನೋಡಬೇಕು ಎಂಬುದು ಅವಳ ಸಣ್ಣಂದಿನ ಆಸೆ. ಇಲ್ಲಿ ನೋಡಿದರೆ ‘ಹಳಿಯಾಳ 3, ಕುಂಬಾರವಾಡ 7’. ಹಳಿಯಾಳ ಮೂರಕ್ಕೆ ಮಕ್ಕಳಿದ್ದಾರೋ, ಕುಂಬಾರವಾಡ ಏಳು ನಗುತ್ತದೋ ಅಳುತ್ತದೋ ಯಾರಿಗೆ ಗೊತ್ತು? ಇದು ತನಗಲ್ಲ ಎಂದು ಅವಳು ಒಳಗೊಳಗೇ ತೀರ್ಮಾನಿಸಿಯಾಗಿತ್ತು. ಆದರೆ ಊರಿಗೆಲ್ಲ ಚಹಾ ಕುಡಿಸಿದ ಅಬ್ಬಾನಿಗೆ ಅದನ್ನು ಹೇಳುವುದು ಹೇಗೆ ಎಂಬುದೊಂದು ಬಾಕಿ ಇತ್ತು.

ಅಷ್ಟು ದಿನದಲ್ಲಿ ಸಿದ್ದಲಿಂಗ ಅವಳನ್ನು ಹೊಗಳಿದ್ದು ಒಂದೇ ಸಲ, ಅದೂ ಐಸಿನ ವಿಷಯಕ್ಕೆ.

ಜೋಯಿಡಾ ತಾಲೂಕಿನ ಆ ಕುಂಬಾರವಾಡದಲ್ಲಿ ಸಿದ್ದಕ್ಕ ಎಂಬ ನರ್ಸು ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ರಕ್ತ ತೆಗೆಯುತ್ತಿದ್ದಳು. ಕೊಳವೆಗಳನ್ನು ನೀಲಿ ಡಬ್ಬಿಯಲ್ಲಿಟ್ಟು ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅವು ಮೂರು ಗಂಟೆಗೆ ದಾಂಡೇಲಿಯಲ್ಲಿ ಇಳಿಯುತ್ತಿದ್ದವು. ಕಾಗದದ ರಿಪೋರ್ಟು ಮರುದಿನ ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಿತ್ತು. ಆ ವರ್ಷ ಜೂನ್ ಹಿಡಿದರೂ ಮಳೆ ಹಿಡಿದಿರಲಿಲ್ಲ. ಒಂದು ದಿನ ಡಬ್ಬಿ ಬಿಸಿಬಿಸಿಯಾಗಿ ಬಂತು, ಒಳಗಿನ ತಂಪಿನ ಚೀಲ ಹರಿದಿತ್ತು. ಸಿದ್ದಲಿಂಗ ಫೋನಿನಲ್ಲಿ ಸಿದ್ದಕ್ಕನ ಮೇಲೆ ಹರಿಹಾಯ್ದ.

ಯಾಸ್ಮೀನಳ ಸೋದರಮಾವ ಸಾಬೀರನ ಮೀನಿನಂಗಡಿ ನಿಲ್ದಾಣದ ಮಗ್ಗುಲಲ್ಲೇ ಇತ್ತು. ಮರುವಾರ ಮಂಗಳವಾರ, ಕುಂಬಾರವಾಡಕ್ಕೆ ಹೋಗುವ ಬೆಳಗಿನ ಏಳರ ಬಸ್ಸಿಗೆ ಮುಂಚೆ, ಅವಳು ಖಾಲಿ ಡಬ್ಬಿ ತೆಗೆದುಕೊಂಡು ಹೋಗಿ ಮಾವನಿಂದ ಅದರ ತುಂಬ ಪುಡಿ ಐಸು ಹಾಕಿಸಿದಳು. ಮಾವ ತನ್ನ ರೂಢಿಯಂತೆ ಎರಡು ಹಿಡಿ ಹರಳುಪ್ಪು ಬೆರೆಸಿ, “ಉಪ್ಪು ಬಿದ್ರ ತಂಪು ಇನ್ನೂ ಜಾಸ್ತಿ ಬೇಟಾ. ಕಾರವಾರದ ಬಂಗಡಿ ಸಂಜೀತನಕ ಹೆಂಗ ಇರ್ತಾವ ನೋಡ್ತಿ ಅಲ್ಲ” ಎಂದ. ಕೊಳವೆಗಳನ್ನು ಐಸಿನೊಳಗೆ ಹೂತಿಡಬೇಕೆಂದು ಸಿದ್ದಕ್ಕನಿಗೆ ಚೀಟಿ ಬರೆದದ್ದೂ ಯಾಸ್ಮೀನಳೇ. ಅಂದು ಮೂರಕ್ಕೆ ಬಂದ ಡಬ್ಬಿ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. “ಶಾಣ್ಯಾ ಅದಿ ಬಿಡು” ಎಂದ ಸಿದ್ದಲಿಂಗ. ಅಂದಿನಿಂದ ಅದೇ ಪದ್ಧತಿಯಾಯಿತು.

ಜೂನ್ ಇಪ್ಪತ್ತಾರರ ಗುರುವಾರ ಸಿದ್ದಕ್ಕ ಫೋನು ಮಾಡಿದಳು. ಸಿದ್ದಲಿಂಗ ಊಟಕ್ಕೆ ಹೋಗಿದ್ದ.

“ಗೋದುಬಾಯಿದು ರಕ್ತ ಇನ್ನೊಮ್ಮೆ ಕಳಿಸ್ಲೇನವಾ? ಆಕಿದು ಪೊಟ್ಯಾಸಿಯಂ ಭಾಳ ಬಂದೈತಿ ಅಂತ ಜೋಯಿಡಾ ಡಾಕ್ಟರು ನೀರಿಳಿಸೋ ಗುಳಿಗಿ ಬಂದ್ ಮಾಡಿಸ್ಯಾರ. ಹದಿನೈದು ದಿನ ಆತು. ಈಗ ಕಾಲು ಬಾತು ಕುಂಬಳಕಾಯಿ ಆಗ್ಯಾವ. ಮಲಗಿದ್ರ ಉಸಿರು ಹಿಡೀತೈತಿ ಅಂತ ರಾತ್ರಿಪೂರಾ ಗ್ವಾಡಿಗೆ ಒರಗಿ ಕುಂದರ್ತಾಳ.”

“ಯಾವ ನಂಬರು ಅಕ್ಕಾ?” ಎಂದಳು ಯಾಸ್ಮೀನ.

“ಏಳು.”

ಕುಂಬಾರವಾಡ ಏಳು. ಯಾಸ್ಮೀನ ರಿಜಿಸ್ಟರು ತೆಗೆದು ಬೆರಳಿಟ್ಟು ನೋಡಿದಳು. ಪೊಟ್ಯಾಸಿಯಂ ಎಂಬ ಲವಣ ರಕ್ತದಲ್ಲಿ ಐದರೊಳಗೆ ಇರಬೇಕು. ಮಿತಿ ಮೀರಿದರೆ ಹೃದಯದ ಬಡಿತಕ್ಕೇ ಅಪಾಯ, ಆಕೆ ನುಂಗುತ್ತಿದ್ದ ಜಾತಿಯ ಗುಳಿಗೆ ಅದನ್ನು ಏರಿಸುವಂಥದು, ಅದಕ್ಕಾಗಿ ಡಾಕ್ಟರು ಗುಳಿಗೆ ನಿಲ್ಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೋದುಬಾಯಿಯದು ಆರೂವರೆ ಇತ್ತು. ಅದರ ಕೆಳಗಿನ ಕುಂಬಾರವಾಡ ಒಂಬತ್ತು, ಅದೂ ಆರು. ಮುಂದಿನ ಪುಟದ್ದೂ ಆರರ ಮೇಲೆ. ಎರಡೂವರೆ ವಾರದಲ್ಲಿ ಅಲ್ಲಿಂದ ಬಂದ ಹನ್ನೊಂದು ಜನರಲ್ಲಿ ಎಂಟು ಜನರದು ಮಿತಿ ದಾಟಿತ್ತು. ಹಳಿಯಾಳದವರದು, ಊರವರದು ಎಲ್ಲ ನೆಟ್ಟಗಿತ್ತು. ಒಂದೇ ಊರಿನ ಮೂಲೆಯಲ್ಲಿ ಎಂಟು ಜನರಿಗೆ ಒಮ್ಮೆಲೇ ಹೀಗಾಗುತ್ತದೆಯೇ?

“ಆ ಕಡೆ ಮಂದಿ ಬಾಳಿಹಣ್ಣು ಭಾಳ ತಿಂತಾರ” ಎಂದ ಊಟ ಮುಗಿಸಿ ಬಂದ ಸಿದ್ದಲಿಂಗ. ಮೇಲೆ ನೋಡಲೂ ಇಲ್ಲ.

ಬಾಳೆಹಣ್ಣನ್ನು ಅವರು ಮೇ ತಿಂಗಳಲ್ಲೂ ತಿನ್ನುತ್ತಿದ್ದರಲ್ಲ! ಯಾಸ್ಮೀನ ಹಿಂದಿನ ಪುಟ ತಿರುಗಿಸಿದಳು. ಮೇನಲ್ಲಿ ಅದೇ ಗೋದುಬಾಯಿಯದು ನಾಲ್ಕು ಇತ್ತು. ಜೂನ್ ಹತ್ತರ ಮಂಗಳವಾರದಿಂದ ಅಂಕಿ ಜಿಗಿದಿತ್ತು. ಆ ಮಂಗಳವಾರವೇ ಅವಳು ಡಬ್ಬಿಗೆ ಮೊದಲ ಸಲ ಐಸು ತುಂಬಿಸಿದ್ದಳು. ಕುಂಬಾರವಾಡದ ತಿಳಿನೀರು ಯಾಕೋ ಯಾವಾಗಲೂ ಕೆಂಪಗೆ ಬರುತ್ತದೆ ಎಂದು ತಾನೇ ಎರಡು ಸಲ ಅಂದುಕೊಂಡದ್ದೂ ನೆನಪಾಯಿತು.

ಅನುಮಾನ ಬಂದ ಮೇಲೆ ಸುಮ್ಮನಿರುವ ಜೀವ ಅದಲ್ಲ. ಶುಕ್ರವಾರ ಬೆಳಗಿನ ಡಬ್ಬಿಗೆ ಅವಳು ಐಸು ಹಾಕಿಸಲಿಲ್ಲ. ಹನ್ನೊಂದು ಗಂಟೆಗೆ ಸಿದ್ದಲಿಂಗನ ಮುಂದೆ ಕೈ ಚಾಚಿ, “ಸರ್, ನಂದು ರಕ್ತ ತಗೀರಿ. ಎರಡು ಕೊಳವಿ” ಎಂದಳು. ಹುಡುಗಿಗೆ ಏನೋ ಹುಚ್ಚು ಎಂದು ನಕ್ಕು ಅವನು ತೆಗೆದುಕೊಟ್ಟ. ಒಂದು ಕೊಳವೆ ಮೇಜಿನ ಮೇಲಿತ್ತು. ಇನ್ನೊಂದನ್ನು ಅವಳು ಮಾವನ ಅಂಗಡಿಯ ಉಪ್ಪು ಬೆರೆತ ಐಸಿನಲ್ಲಿ ಹೂತಿಟ್ಟಳು. ಬಸ್ಸು ಬರುವ ಮೂರು ಗಂಟೆಯವರೆಗೂ ಎರಡನ್ನೂ ಮುಟ್ಟಲಿಲ್ಲ.

ಮೂರಕ್ಕೆ ಎರಡನ್ನೂ ತಿರುಗಿಸಿದಳು. ಮೇಜಿನ ಮೇಲಿದ್ದುದರ ನೀರು ಒಣಹುಲ್ಲಿನ ಬಣ್ಣಕ್ಕಿತ್ತು. ಐಸಿನದು ಈದ್ ದಿನದ ಶರಬತ್ತಿನ ಹಾಗೆ ಕೆಂಪಾಗಿತ್ತು. ಯಂತ್ರಕ್ಕಿಟ್ಟಾಗ ಮೊದಲನೆಯದು ನಾಲ್ಕು ಪಾಯಿಂಟ್ ಎರಡು ಎಂದಿತು, ಎರಡನೆಯದು ಏಳು ಪಾಯಿಂಟ್ ಒಂದು.

ಆ ಗಳಿಗೆಯಲ್ಲಿ ಯಾಸ್ಮೀನಳಿಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಎದೆ ಹಿಗ್ಗಿ ಚಪ್ಪಾಳೆ ಹೊಡೆಯುವಷ್ಟು ಸಂತೋಷವಾಯಿತು. ಹದಿನೆಂಟು ವರ್ಷದಲ್ಲಿ ಯಾವ ಪರೀಕ್ಷೆಯ ಅಂಕಕ್ಕೂ ಅವಳು ಹಾಗೆ ಹಿಗ್ಗಿರಲಿಲ್ಲ. ಒಂದೇ ಮೈಯ ರಕ್ತ ಎರಡು ಮಾತು ಹೇಳಿತ್ತು. ಉಪ್ಪಿನ ಐಸಿಗೆ ರಕ್ತ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿ, ಅದರ ಕಣಗಳು ಒಡೆದು, ಒಳಗಿನ ಲವಣ ಹೊರಬಿದ್ದಿತ್ತು. ಅದನ್ನು ಕಂಡುಹಿಡಿದವಳು ತಾನು! ಮರುಕ್ಷಣವೇ ಗೋಡೆಗೆ ಒರಗಿ ಕೂತ, ತಾನೆಂದೂ ನೋಡದ ಮುದುಕಿ ಕಣ್ಣಿಗೆ ಕಟ್ಟಿದಳು. ಆ ಹೆಂಗಸಿನ ಉಸಿರು ಕಟ್ಟಿಸಿದವಳೂ ತಾನೇ. ಅವಳು ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು.

ಸಿದ್ದಲಿಂಗ ಎರಡು ಕೊಳವೆಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲು ಮುಂದೆ ಮಾಡಿ ಬಂದ.

“ಇವತ್ತಿಂದ ಐಸ್ ಬಂದ್. ಮುಗೀತು. ಯಾರ ಮುಂದೂ ಹೇಳಬ್ಯಾಡ.”

“ಮತ್ತ ಆ ಮುದುಕಿ ಗುಳಿಗಿ ಸರ್?”

“ಇವತ್ತು ಬಂದ ಹೊಸಾ ರಕ್ತದಾಗ ಸರಿ ಬಂದ್ರ ತಾವಽ ಚಾಲೂ ಮಾಡ್ತಾರ.”

“ಇವತ್ತಿನ ಡಬ್ಬಿಯಾಗ ಆಕಿದಿಲ್ರಿ. ನೋಡೇನಿ. ಎದ್ದು ಬರಾಕ ಆಗಲಿಲ್ಲಂತ. ಇನ್ನ ಮಂಗಳವಾರದ ಮಾತು.”

“ತಂಗಿ, ಊರಾಗ ಇನ್ನೂ ಎರಡು ಲ್ಯಾಬ್ ಅದಾವ. ಒಮ್ಮೆ ಹೆಸರು ಕೆಟ್ರ ನನ್ನ ಹೊಟ್ಟಿ ಮ್ಯಾಲೆ ಕಲ್ಲು ಬೀಳ್ತೈತಿ. ಎರಡು ಮಕ್ಕಳದಾವ ನನಗ.”

“ಐಸ್ ಹಾಕಿದಾಕಿ ನಾನು ಅಂತ ಹೇಳ್ರಿ ಸರ್. ನನ್ನ ಹೆಸರು ಹೇಳ್ರಿ.”

ಸಿದ್ದಲಿಂಗ ಕೆಟ್ಟವನಲ್ಲ. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಷ್ಯ ಎಂದು ನಂಬಿದವರು ಲೋಕದಲ್ಲಿ ಬಹಳ ಜನ, ಅವನೂ ಅವರಲ್ಲೊಬ್ಬ. ಆದರೆ ಹದಿನೆಂಟರ ಹುಡುಗಿ ತನ್ನ ಹೆಸರು ಮುಂದಿಟ್ಟಾಗ ಅವನ ಮುಖ ಬಾಡಿತು. “ನೀ ಹಾಕಿದ್ದು ಗೊತ್ತಿಲ್ಲದ. ಕೆಂಪು ನೀರು ನಾನೂ ನೋಡಿದ್ದೆ” ಎಂದ. “ಕೆಂಪು ಬಂದ್ರ ರಿಪೋರ್ಟ್ ಕೊಡಬಾರದು ಅಂತ ನನಗ ಕಲಿಸ್ಯಾರ. ಇನ್ನೊಮ್ಮೆ ರಕ್ತ ಕಳಿಸ್ರಿ ಅಂದ್ರ ಆ ಮಂದಿ ಮತ್ತ ಎರಡು ದಿನದ ಕೂಲಿ ಬಿಡಬೇಕು ಅಂತ ಸುಮ್ಮನಾದೆ.” ಹೇಳಿ ಮುಗಿಸಿ ತಾನೇ ಫೋನು ತೆಗೆದ. ಜೋಯಿಡಾದ ಡಾಕ್ಟರು ಅತ್ತಲಿಂದ ಬೈದದ್ದು ಯಾಸ್ಮೀನಳಿಗೂ ಕೇಳಿಸಿತು. ಗೋದುಬಾಯಿಯ ಗುಳಿಗೆ ಅಂದು ಸಂಜೆಯೇ ಶುರುವಾಗಬೇಕು, ಆದಷ್ಟು ಬೇಗ ಆಕೆಯ ರಕ್ತ ಸರಿಯಾಗಿ ತರಿಸಿ ನೋಡಬೇಕು, ಉಳಿದ ಏಳು ಜನರದೂ ಮರುಪರೀಕ್ಷೆಯಾಗಬೇಕು ಎಂದರು.

ಮನೆಗೆ ಹೋಗಿ ಅಬ್ಬಾನಿಗೆ ಎಲ್ಲ ಹೇಳುವಾಗ ಯಾಸ್ಮೀನ ಅವನ ಮುಖ ನೋಡಲಿಲ್ಲ. ಕೈಗೆ ಹತ್ತಿದ್ದ ಗ್ರೀಸನ್ನು ಹಳೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ ಕಾಸಿಂಸಾಬ ಒರೆಸುವುದನ್ನು ನಿಲ್ಲಿಸಿದ.

“ನಾ ಕಾಲೇಜಿಗೆ ಬ್ಯಾಡ ಅಂತ ಹೇಳ್ತೇನಿ ಅಬ್ಬಾ. ಇದು ನನಗ ಒಪ್ಪೂ ಕೆಲಸ ಅಲ್ಲ. ನನ್ನ ಕೈಯಾಗ ಒಂದು ಜೀವ ಹೋಗ್ತಿತ್ತು.”

ಅವನು ಕಾಲೇಜಿನ ಮಾತೇ ಎತ್ತಲಿಲ್ಲ. “ಆ ಮುದಿಕಿಗೆ ಯಾರು ಹೇಳ್ಯಾರ?” ಎಂದ.

“ಡಾಕ್ಟರು ಸಿದ್ದಕ್ಕಗ ಹೇಳ್ಯಾರ. ಸಿದ್ದಕ್ಕ ಗುಳಿಗಿ ಕೊಡ್ತಾಳ.”

“ಗುಳಿಗಿ ಕೊಡೂದು ಬ್ಯಾರೆ, ಹೇಳೂದು ಬ್ಯಾರೆ. ನಾ ಒಬ್ಬಾವನ ಗಾಡಿಗೆ ಬ್ರೇಕ್ ತಪ್ಪಾಗಿ ಕೂಡ್ಸಿದ್ರ, ಅವ ಗ್ಯಾರೇಜಿಗೆ ಬರೂತನಕ ಕುಂದರಬಾರದು. ನಾನಽ ಅವನ ಮನೀಗೆ ಹೋಗಬೇಕು. ಆಯಿತವಾರ ಹೋಗೂಣು.”

ಭಾನುವಾರ ತಂದೆ ಮಗಳು ಏಳರ ಬಸ್ಸು ಹತ್ತಿದರು. ಸೂಪಾದ ಹಿನ್ನೀರು ಬಲಕ್ಕೆ ಬಂದು ಹೋಯಿತು, ಕಾಡು ಬಂತು, ಜೋಯಿಡಾ ಬಂತು, ಮತ್ತೆ ಕಾಡು. ಯಾಸ್ಮೀನ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತು ಸಲ ಜೋಡಿಸಿ ಹತ್ತು ಸಲ ಕೆಡವಿದಳು. ಕುಂಬಾರವಾಡದಲ್ಲಿ ಸಿದ್ದಕ್ಕ ಕಾಯುತ್ತಿದ್ದಳು. ಗದ್ದೆಯ ಬದುವಿನ ಮೇಲೆ ಅವರನ್ನು ಕರೆದುಕೊಂಡು ಹೋಗಿ ಒಂದು ಹಂಚಿನ ಮನೆಯ ಜಗುಲಿಗೆ ಬಿಟ್ಟಳು.

ಗೋದುಬಾಯಿ ಗೋಡೆಗೆ ಗೋಣಿಚೀಲ ಒತ್ತುಕೊಟ್ಟು ಕೂತಿದ್ದಳು. ಎಪ್ಪತ್ತರ ಹೆಂಗಸು, ಸಣ್ಣ ಮುಖ. ಪಾದಗಳು ಮಾತ್ರ ಬೇರೆ ಯಾರವೋ ಎನ್ನುವಷ್ಟು ದಪ್ಪ. ಗಂಡ ಬದುಕಿದ್ದಾಗ ಇಪ್ಪತ್ತು ವರ್ಷ ದಾಂಡೇಲಿಯ ಮಿಲ್ಲಿನ ಚಾಳದಲ್ಲಿದ್ದವಳು, ಹಾಗಾಗಿ ಮನೆಮಾತು ಕೊಂಕಣಿಯಾದರೂ ಕನ್ನಡ ಸಲೀಸಾಗಿ ಬರುತ್ತಿತ್ತು. ಯಾಸ್ಮೀನ ನೆಲದ ಮೇಲೆ ಕೂತು, ಜೋಡಿಸಿಕೊಂಡ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಐಸು ಹಾಕಿಸಿದ್ದು, ರಕ್ತ ಕೆಟ್ಟದ್ದು, ಯಂತ್ರ ಸುಳ್ಳು ಅಂಕಿ ಹೇಳಿದ್ದು, ಅದನ್ನು ನಂಬಿ ಗುಳಿಗೆ ನಿಲ್ಲಿಸಿದ್ದು.

ಗೋದುಬಾಯಿ ಪೂರ್ತಿ ಕೇಳಿದಳು. ಉಸಿರಿಗೆ ನಿಂತು ನಿಂತು ಮಾತಾಡಿದಳು.

“ಅಂದ್ರ ನನ್ನ ರಕ್ತ ಚಲೋನೇ ಇತ್ತು?”

“ಹೌದ್ರಿ ಆಜಿ.”

“ಹದಿನೇಳು ರಾತ್ರಿ ಮಲಗಿಲ್ಲ ನಾನು. ಕುಂತಽ ಇದ್ದೆ. ಸೊಸಿ ನನ್ನ ಜೋಡಿ ಕುಂದ್ರತಿದ್ಲು, ಹಗಲು ಗದ್ದಿ ಕೆಲಸ, ರಾತ್ರಿ ನನ್ನ ಕೆಲಸ. ಇನ್ನ ನಾ ಹೋಗ್ತೇನಿ ಅಂತ ಪುಣೇಕ ಫೋನ್ ಮಾಡಿ ಮಗನ್ನ ಕರಿಸಿದ್ರು. ಅವ ಬಂದು, ನನ್ನ ನೋಡಿ, ಅತ್ತು ಹೋದ.” ಅವಳು ಸ್ವಲ್ಪ ಸುಧಾರಿಸಿಕೊಂಡಳು. “ಅದೆಲ್ಲಾ ಸುಮ್ ಸುಮ್ಮನ ಆತು ಅಂತ ಹೇಳಾಕ ಬಂದಿ ಏನು ನೀನು?”

‘ತಪ್ಪಾಯಿತು’ ಎಂಬ ಮಾತು ಎಷ್ಟು ಸಣ್ಣದೆಂದು ಯಾಸ್ಮೀನಳಿಗೆ ಆಗ ತಿಳಿಯಿತು. ಆದರೂ ಅದನ್ನೇ ಅಂದಳು. ಕಾಸಿಂಸಾಬ ತಲೆ ತಗ್ಗಿಸಿ ಮಗಳ ಪಕ್ಕ ನಿಂತಿದ್ದ. ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು, ಸೊಸೆಯೂ ಕೇಳುತ್ತಿದ್ದಳೇನೋ.

ಸಿದ್ದಕ್ಕ ಮೆಲ್ಲನೆ ಸಿರಿಂಜು ತೆಗೆದು, “ಆಜಿ, ಡಾಕ್ಟರು ಹೇಳ್ಯಾರ, ಇವತ್ತಽ ಇನ್ನೊಮ್ಮೆ ರಕ್ತ ನೋಡಬೇಕು” ಎಂದಳು.

“ಕೊಡೂದಿಲ್ಲ” ಎಂದಳು ಗೋದುಬಾಯಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡು.

ಯಾಸ್ಮೀನ, “ಆಜಿ, ಕೊಡೂದಿಲ್ಲ ಅನ್ನೂ ಹಕ್ಕು ನಿಮಗೈತಿ. ಆದ್ರ ಈಗ ಗುಳಿಗಿ ಮತ್ತ ಚಾಲೂ ಆಗೇತಿ. ಎಷ್ಟು ಕೊಡಬೇಕು ಅನ್ನೂದು ಗೊತ್ತಾಗಬೇಕಂದ್ರ ಖರೇ ಅಂಕಿ ಬೇಕು. ನಮ್ಮ ಲ್ಯಾಬ್ ಬ್ಯಾಡ ಅಂದ್ರ ಬ್ಯಾರೆ ಲ್ಯಾಬಿಗೆ ಕೊಡ್ತೇವಿ. ಐಸ್ ಹಚ್ಚೂದಿಲ್ಲ, ಬಿಸಿಲಿಗೆ ಹಿಡಿಯೂದಿಲ್ಲ” ಎಂದಳು.

ಗೋದುಬಾಯಿ ಅವಳನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕೈ ತೆಗೆದು ಸಿದ್ದಕ್ಕನ ಮುಂದೆ ಚಾಚಿದಳು. ಕೊಳವೆ ತುಂಬಿತು. ಸಿದ್ದಕ್ಕ ಅದರ ಬಾಯಿ ಬಿಗಿದು, ಹೆಸರು ಬರೆದು, ಯಾಸ್ಮೀನಳ ಕಡೆ ನೀಡಿದಾಗ ಗೋದುಬಾಯಿ ತಡೆದಳು.

“ಆಕಿ ಕೈಯಾಗ ಬ್ಯಾಡ. ಅವರಪ್ಪನ ಕೈಯಾಗ ಕೊಡು.”

ಯಾಸ್ಮೀನಳ ಚಾಚಿದ ಕೈ ಹಾಗೇ ನಿಂತಿತು. ಕಾಸಿಂಸಾಬ ಅಂಗೈಯನ್ನು ಎರಡು ಸಲ ಪಾಯಜಾಮಕ್ಕೆ ಒರೆಸಿಕೊಂಡು ಕೊಳವೆ ತೆಗೆದುಕೊಂಡ.

ಮರಳುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕಾಸಿಂಸಾಬ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟು ಮೇಲೆ ಕೈಯಿಟ್ಟುಕೊಂಡ.

“ನಾಳೆ ಆ ಕಾಲೇಜಿನ ಮೇಡಂಗ ಬರೂದಿಲ್ಲ ಅಂತ ಹೇಳಿಬಿಡು ಬೇಟಾ” ಎಂದ ಜೋಯಿಡಾ ದಾಟಿದ ಮೇಲೆ. “ಓಣಿ ಮಂದಿ ಏನಾದ್ರೂ ಅನ್ಲಿ. ನಾ ಡಾಕ್ಟರ್ ಡಾಕ್ಟರ್ ಅಂತ ಸಾರಿದ್ದು ನನ್ನ ತಪ್ಪು. ನಿನಗ ಒಪ್ಪಲಾರದ್ದು ನಿನ್ನ ಕೊರಳಿಗೆ ಕಟ್ಟೂದಿಲ್ಲ.”

ಯಾಸ್ಮೀನ ಕಿಟಕಿಯಾಚೆ ನೋಡುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

“ಡಾಕ್ಟರ್ ಆಗೂದಿಲ್ಲ ಅಬ್ಬಾ ನಾನು. ಅದನ್ನ ಮಂದಿಗೆ ನೀವಽ ಹೇಳ್ರಿ. ಆದ್ರ ನಾಳೆ ಬರ್ತೇನಿ ಅಂತ ಹೇಳ್ತೇನಿ.”

“ಮೊನ್ನಿ ಒಪ್ಪೂದಿಲ್ಲ ಅಂದಿದ್ದಿ?”

“ನಿನ್ನಿತನಕ ನನಗ ಅದು ಒಪ್ಪತೈತೋ ಇಲ್ಲೋ ಅಂತ ಅಷ್ಟಽ ನೋಡತಿದ್ದೆ. ಇವತ್ತು ಆಜಿ ತನ್ನ ರಕ್ತ ನನ್ನ ಕೈಯಾಗ ಕೊಡಲಿಲ್ಲ. ಆಕಿ ನಂಬಿ ಕೊಡೂವಂಥಾ ಕೈ ಆಗಬೇಕು ಅಬ್ಬಾ ನಂದು, ನಾ ಕಲೀಬೇಕು.”

ಗಣೇಶಗುಡಿಯ ಇಳಿಜಾರಿನಲ್ಲಿ ಬಸ್ಸು ಹಳ್ಳಕ್ಕೆ ಇಳಿದು ಕುಲುಕಿದಾಗ ಕಾಸಿಂಸಾಬ ಕಿಸೆಯ ಮೇಲಿನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದ. ಯಾಸ್ಮೀನ ಅದನ್ನು ನೋಡಿದಳು, ಮುಟ್ಟಲಿಲ್ಲ.